ಬಾಳಿದ ನಾಡಿನ ಸಾಕ್ಷಿಪತ್ರ

ಹೊಸಬರೊಬ್ಬರು ಊರಿಗೆ ಬಂದು ನೆಲೆಸಲು ಬಯಸಿದಾಗ ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳು ಎರಡೇ. ‘ನೀವು ಎಲ್ಲಿಂದ ಬಂದಿರಿ? ಅಲ್ಲಿ ನಿಮ್ಮನ್ನು ಬಲ್ಲವರು ಯಾರು?’ ಬಲ್ಲವರ ಒಂದು ಮಾತು ದೊರೆತರೆ ಸಾಕಾಗುತ್ತಿತ್ತು. ಬಾಡಿಗೆಗೆ ಮನೆ ಸಿಕ್ಕುತ್ತಿತ್ತು, ಅಂಗಡಿಯಲ್ಲಿ ಉದ್ರಿಯೂ ಸಿಕ್ಕುತ್ತಿತ್ತು. ಇಂದು ಅದೇ ಎರಡು ಪ್ರಶ್ನೆಗಳನ್ನು ದೇಶ ದೇಶಗಳು ಕೇಳುತ್ತಿವೆ. ಆದರೆ ಅವುಗಳಿಗೆ ಬಾಯಿಮಾತು ಸಾಲದು. ಬಾಳಿದ ನಾಡಿನ ಪೊಲೀಸ್ ಇಲಾಖೆಯ ಮುದ್ರೆಯುಳ್ಳ ಕಾಗದವೇ ಬೇಕು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕುವವರೆಲ್ಲರೂ ಈ ಪೊಲೀಸ್ ಪ್ರಮಾಣಪತ್ರವನ್ನು ಒದಗಿಸಬೇಕಾಗುತ್ತದೆ. ಹುಟ್ಟಿದ ನಾಡನ್ನು ಬಿಟ್ಟು ಎಲ್ಲಿಗೂ ಹೋಗದವರಿಗೆ ಇದು ಸುಲಭದ ಕೆಲಸ. ಈಗಾಗಲೇ ಒಂದೆರಡು ಪರದೇಶಗಳಲ್ಲಿ ಬಾಳಿ ಬಂದವರಿಗೆ ಮಾತ್ರ ಇದು ತಿಂಗಳುಗಟ್ಟಲೆ ನಿದ್ದೆಗೆಡಿಸುವ ಕೆಲಸವಾಗಿ ಪರಿಣಮಿಸುತ್ತದೆ. ಅಂಥ ಕುಟುಂಬಗಳಿಗೆ ಉಪಯುಕ್ತವಾಗಬಹುದಾದ ನಾಲ್ಕು ಮಾತುಗಳನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮಂಗಳೂರಿನ ಮನೆಗಳು

ಮಂಗಳೂರು ನಗರಕ್ಕೂ ಪರದೇಶಕ್ಕೂ ಇರುವ ನಂಟು ಹಳೆಯದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರಿಲ್ಲದ ಬೀದಿ ಈ ನಗರದಲ್ಲಿ ಅಪರೂಪ. ಒಂದು ಕಾಲಕ್ಕೆ ಮುಂಬಯಿಗೆ ಹೋಗಿ ವಿಮಾನ ಹತ್ತಬೇಕಾಗಿತ್ತು. 2006ರಲ್ಲಿ ಬಜಪೆಯ ನಿಲ್ದಾಣದಿಂದಲೇ ದುಬೈಗೆ ನೇರ ವಿಮಾನ ಆರಂಭವಾಯಿತು. ಬಂದರು, ಬ್ಯಾಂಕು, ಕಾರ್ಖಾನೆ, ಕಾಲೇಜುಗಳ ನೌಕರಿಗಾಗಿ ಧಾರವಾಡ, ವಿಜಯಪುರ, ದಾವಣಗೆರೆ, ಶಿವಮೊಗ್ಗ ಕಡೆಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳೂ ಈ ಪ್ರವಾಹಕ್ಕೆ ಹೊರತಾಗಿಲ್ಲ. 1955ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಸ್ಥಾಪನೆಯಾದ ಎಂಜಿನಿಯರಿಂಗ್ ಕಾಲೇಜು, ನಗರದ ಹಲವಾರು ಶುಶ್ರೂಷಾ ವಿದ್ಯಾಲಯಗಳು ಇವುಗಳಲ್ಲಿ ಓದಿ ಹೊರಬಿದ್ದ ಮಕ್ಕಳು ಮೊದಲು ಮಸ್ಕತ್ತಿಗೋ ಕುವೈತಿಗೋ ಹೋಗುತ್ತಾರೆ. ಅಲ್ಲಿ ಐದಾರು ವರ್ಷ ದುಡಿದು, ಅನುಭವ ಗಳಿಸಿ, ಬಳಿಕ ಟೊರಾಂಟೊ ಅಥವಾ ಮೆಲ್ಬರ್ನ್ ಕಡೆಗೆ ಮುಖ ಮಾಡುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ಎಷ್ಟು ವರ್ಷ ದುಡಿದರೂ ಸಾಮಾನ್ಯ ನೌಕರನಿಗೆ ಪೌರತ್ವ ದೊರೆಯದಿರುವುದೇ ಈ ಎರಡನೆಯ ಪಯಣಕ್ಕೆ ಮುಖ್ಯ ಕಾರಣ. ಈ ಎರಡನೆಯ ಪಯಣದ ಹೊಸ್ತಿಲಲ್ಲಿಯೇ ಪೊಲೀಸ್ ಪ್ರಮಾಣಪತ್ರದ ತೊಡಕು ಎದುರಾಗುವುದು.

ಈ ಪತ್ರ ಹೇಳುವುದೇನು?

ಇದು ಸದ್ಗುಣಗಳ ಪಟ್ಟಿಯಲ್ಲ. ಇಂಥ ಹೆಸರಿನ, ಇಂಥ ಪಾಸ್‌ಪೋರ್ಟಿನ ವ್ಯಕ್ತಿಯ ಮೇಲೆ ನಮ್ಮ ದಾಖಲೆಗಳಲ್ಲಿ ಅಪರಾಧದ ನಮೂದು ಇಲ್ಲ, ಅಥವಾ ಇಂಥದು ಇದೆ ಎಂದು ಒಂದು ದೇಶದ ಪೊಲೀಸರು ನೀಡುವ ಹೇಳಿಕೆಯಷ್ಟೇ ಇದರಲ್ಲಿ ಇರುತ್ತದೆ. ಭಾರತದಲ್ಲಿ ಇದನ್ನು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅಥವಾ ಚುಟುಕಾಗಿ ಪಿಸಿಸಿ ಎನ್ನುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ಸನ್ನಡತೆಯ ಪತ್ರವೆಂಬ ಅರ್ಥದ ಹೆಸರು ರೂಢಿಯಲ್ಲಿದೆ. ಹೆಸರು ಯಾವುದೇ ಇರಲಿ, ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ದೇಶದ ಪೊಲೀಸರು ತಮ್ಮ ದೇಶದ ಮಟ್ಟಿಗೆ ಮಾತ್ರ ಸಾಕ್ಷಿ ನುಡಿಯಬಲ್ಲರು. ಮಂಗಳೂರಿನ ಪೊಲೀಸರ ವರದಿ ಮಸ್ಕತ್ತಿನ ವಾಸಕ್ಕೆ ಸಾಕ್ಷಿಯಾಗದು. ಆದಕಾರಣವೇ ಬಾಳಿದ ಒಂದೊಂದು ನಾಡಿನಿಂದಲೂ ಒಂದೊಂದು ಪತ್ರವನ್ನು ತರಬೇಕಾಗುತ್ತದೆ.

ದೇಶಕ್ಕೊಂದು ಲೆಕ್ಕ

ಎಷ್ಟು ಕಾಲ ಬಾಳಿದ್ದರೆ ಪತ್ರ ಬೇಕು, ಯಾವ ವಯಸ್ಸಿನಿಂದ ಬೇಕು ಎಂಬ ವಿಷಯದಲ್ಲಿ ಎಲ್ಲ ದೇಶಗಳ ನಿಯಮವೂ ಒಂದೇ ಅಲ್ಲ. ಬಹುಮಂದಿ ಎಡವುವುದು ಇಲ್ಲಿಯೇ. ಪಕ್ಕದ ಮನೆಯವರು ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕಿದಾಗ ಕೇಳಿದ ಕಾಗದಗಳನ್ನೇ ನಾವು ಅಮೆರಿಕದ ಅರ್ಜಿಗೆ ಜೋಡಿಸಿದರೆ ಕೆಲಸ ಕೆಡುತ್ತದೆ.

ಕೆನಡಾದ ಕಾಯಂ ವಾಸದ ಅರ್ಜಿಯಲ್ಲಿ, ಕಳೆದ 10 ವರ್ಷಗಳೊಳಗೆ ಯಾವ ದೇಶದಲ್ಲಿ ಎಡೆಬಿಡದೆ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಬಾಳಿದ್ದರೂ ಆ ದೇಶದ ಪತ್ರ ಬೇಕು. 18 ವರ್ಷ ತುಂಬುವುದಕ್ಕೆ ಮುಂಚಿನ ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಸ್ಟ್ರೇಲಿಯಾ ಕೇಳುವುದು ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳ ವಾಸವನ್ನು. ಬಿಡಿಬಿಡಿಯಾಗಿ ಹೋಗಿಬಂದ ದಿನಗಳನ್ನೂ ಕೂಡಿಸಬೇಕು. ಅಲ್ಲಿ 16ನೆಯ ವಯಸ್ಸಿನಿಂದಲೇ ಎಣಿಕೆ ಆರಂಭ. ನ್ಯೂಜಿಲೆಂಡಿನ ನಿಯಮವೂ ಹೆಚ್ಚುಕಡಿಮೆ ಆಸ್ಟ್ರೇಲಿಯಾದಂತೆಯೇ ಇದ್ದು, ಎಣಿಕೆಯ ವಯಸ್ಸು ಮಾತ್ರ 17. ಅಮೆರಿಕದ ವಲಸೆ ವೀಸಾದಲ್ಲಿ 10 ವರ್ಷಗಳ ಮಿತಿಯೇ ಇಲ್ಲ. 16 ತುಂಬಿದ ಬಳಿಕ ಯಾವುದೇ ಕಾಲದಲ್ಲಿ ಬೇರೊಂದು ದೇಶದಲ್ಲಿ 12 ತಿಂಗಳು ಬಾಳಿದ್ದರೆ ಅದರ ಪತ್ರ ಬೇಕು. ಸ್ವಂತ ದೇಶದಲ್ಲಿಯೂ ಈಗ ವಾಸವಿರುವ ದೇಶದಲ್ಲಿಯೂ 6 ತಿಂಗಳು ಮೀರಿದ್ದರೆ ಸಾಕು, ಪತ್ರ ಬೇಕು. ಎಲ್ಲಿಯಾದರೂ ಬಂಧನಕ್ಕೆ ಒಳಗಾಗಿದ್ದರೆ ಅಲ್ಲಿ ಬಾಳಿದ ಕಾಲ ಎಷ್ಟೇ ಅಲ್ಪವಿದ್ದರೂ ಪತ್ರ ತರಬೇಕು. ಇಂಗ್ಲೆಂಡಿನಲ್ಲಿ ಆರೋಗ್ಯ, ಶಿಕ್ಷಣ, ಸಮಾಜಸೇವೆಯಂಥ ಕೆಲವು ಉದ್ಯೋಗಗಳ ವೀಸಾಕ್ಕೆ ಮಾತ್ರ ಇಂಥ ಪತ್ರವನ್ನು ಕೇಳುತ್ತಾರೆ. ನಮ್ಮ ದಾದಿಯರೂ ವೈದ್ಯರೂ ಇದನ್ನು ಗಮನಿಸಬೇಕು.

ಈ ಲೆಕ್ಕ ಮನದಟ್ಟಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಮಸ್ಕತ್ತಿನಲ್ಲಿ ಎಂಜಿನಿಯರಾಗಿ ಬಹುಕಾಲ ದುಡಿದವರು. ತಾಯಿ ಶುಶ್ರೂಷಕಿಯಾಗಿ ಕುವೈತಿನಲ್ಲಿ ಮೂರು ವರ್ಷವಿದ್ದು, ಹನ್ನೆರಡು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಮಸ್ಕತ್ತಿನಲ್ಲಿ ಪತಿಯನ್ನು ಸೇರಿದವರು. ಮಗಳು ಮಸ್ಕತ್ತಿನ ಶಾಲೆಯಲ್ಲಿ ಓದಿದವಳು. ಆರು ವರ್ಷಗಳ ಹಿಂದೆ, ಮಗಳಿಗೆ 18 ತುಂಬಲು ಒಂದು ತಿಂಗಳಿರುವಾಗ, ಮೂವರೂ ಮಂಗಳೂರಿಗೆ ಮರಳಿದರು. ಈಗ ಅವಳಿಗೆ 24 ವರ್ಷ. ಇವರು ಕೆನಡಾಕ್ಕೆ ಅರ್ಜಿ ಹಾಕಿದರೆ ತಂದೆತಾಯಿಗಳಿಬ್ಬರಿಗೂ ಒಮಾನಿನ ಪತ್ರ ಬೇಕು. ಮಗಳಿಗೆ ಬೇಡ, ಏಕೆಂದರೆ 18 ತುಂಬುವ ಮುನ್ನವೇ ಅವಳು ಅಲ್ಲಿಂದ ಬಂದಳು. ತಾಯಿಯ ಕುವೈತಿನ ವಾಸ 10 ವರ್ಷಗಳ ಆಚೆಯದಾದ್ದರಿಂದ ಅದೂ ಬೇಡ. ಆಸ್ಟ್ರೇಲಿಯಾಕ್ಕಾದರೆ ಮಗಳಿಗೂ ಒಮಾನಿನ ಪತ್ರ ಬೇಕು. 16 ತುಂಬಿದ ಬಳಿಕ ಅವಳು ಅಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದಳು. ಅಮೆರಿಕಕ್ಕಾದರೆ ಇಷ್ಟರ ಜೊತೆಗೆ ತಾಯಿಯ ಕುವೈತಿನ ಮೂರು ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಎಲ್ಲ ಸಂದರ್ಭಗಳಲ್ಲಿಯೂ ಮೂವರಿಗೂ ಭಾರತದ ಪತ್ರ ಬೇಕೇ ಬೇಕು. ಒಂದೇ ಮನೆ, ಒಂದೇ ಬಾಳು. ಅರ್ಜಿ ಹೋಗುವ ದೇಶ ಬದಲಾದಂತೆ ಕಾಗದಗಳ ಸಂಖ್ಯೆಯೂ ಬದಲಾಯಿತು.

ಪತ್ರದ ಆಯುಷ್ಯದಲ್ಲಿಯೂ ಭೇದವಿದೆ. ಕೆನಡಾಕ್ಕೆ, ಈಗ ವಾಸವಿರುವ ದೇಶದ ಪತ್ರವು ಅರ್ಜಿ ಸಲ್ಲಿಸುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು. ಬಿಟ್ಟುಬಂದ ದೇಶದ ಪತ್ರವು ಅಲ್ಲಿಯ ವಾಸ ಮುಗಿದ ನಂತರ ಪಡೆದದ್ದಾಗಿರಬೇಕು. ಆಸ್ಟ್ರೇಲಿಯಾದಲ್ಲಿ 12 ತಿಂಗಳು, ಅಮೆರಿಕದಲ್ಲಿ ಎರಡು ವರ್ಷ ಮಾನ್ಯತೆ ಇದೆ. ಬಿಟ್ಟುಬಂದ ದೇಶಕ್ಕೆ ಮತ್ತೆ ವಾಸಕ್ಕೆ ಹೋಗದಿದ್ದರೆ ಅಲ್ಲಿಯ ಪತ್ರವನ್ನು ಅಮೆರಿಕ ಎರಡು ವರ್ಷಗಳ ಬಳಿಕವೂ ಒಪ್ಪುತ್ತದೆ. ಇವೆಲ್ಲ ಆಯಾ ಸರಕಾರಗಳು ಕಾಲಕಾಲಕ್ಕೆ ತಿದ್ದುವ ನಿಯಮಗಳು. ಸಂಯುಕ್ತ ಅರಬ್ ಸಂಸ್ಥಾನವು ನೌಕರಿಯ ವೀಸಾಕ್ಕೆ ಸನ್ನಡತೆಯ ಪತ್ರ ಕಡ್ಡಾಯವೆಂದು 2018ರ ಫೆಬ್ರವರಿಯಲ್ಲಿ ಜಾರಿಗೆ ತಂದು, ಏಪ್ರಿಲಿನಲ್ಲಿಯೇ ಅದನ್ನು ತಡೆಹಿಡಿಯಿತು. ಸೌದಿ ಅರೇಬಿಯವು 2022ರ ನವೆಂಬರಿನಲ್ಲಿ ಭಾರತೀಯರಿಗೆ ಈ ಪತ್ರದಿಂದ ವಿನಾಯಿತಿ ಘೋಷಿಸಿತು. ಆದ್ದರಿಂದ ಅರ್ಜಿ ಹಾಕುವ ವಾರದಲ್ಲಿ ಆ ದೇಶದ ಅಧಿಕೃತ ಸೂಚನೆಯನ್ನು ಮತ್ತೊಮ್ಮೆ ಓದಿ ನೋಡುವುದು ವಿವೇಕದ ಮಾರ್ಗ.

ಭಾರತದ ಪತ್ರ ಮಂಗಳೂರಿನಲ್ಲಿ

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಈ ಪತ್ರವನ್ನು ಕೊಡುವುದು ಪಾಸ್‌ಪೋರ್ಟ್ ಕಚೇರಿ. ಪೊಲೀಸ್ ಠಾಣೆಗೆ ನೇರವಾಗಿ ಹೋಗಿ ಬರೆಸಿಕೊಂಡು ಬಂದ ಕಾಗದವನ್ನು ವಲಸೆಯ ಅರ್ಜಿಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಸೇರಿದ ಸೇವಾ ಕೇಂದ್ರವೊಂದು ಮಂಗಳೂರಿನಲ್ಲಿಯೇ ಇದೆ. ಪಾಸ್‌ಪೋರ್ಟ್ ಸೇವೆಯ ಅಂತರ್ಜಾಲ ತಾಣದಲ್ಲಿ ಅರ್ಜಿ ತುಂಬಿ, 500 ರೂಪಾಯಿ ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು, ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಪ್ರತಿ, ಈಗಿನ ವಿಳಾಸದ ಪುರಾವೆ ಇವುಗಳೊಂದಿಗೆ ಹೋಗಬೇಕು. ಬಳಿಕ ಪೊಲೀಸರ ವಿಚಾರಣೆ ನಡೆದು, ವರದಿ ಅನುಕೂಲವಾಗಿದ್ದರೆ ಪತ್ರ ಕೈಸೇರುತ್ತದೆ. ಈ ಪತ್ರಕ್ಕೆ ಬೇಡಿಕೆ ಹೆಚ್ಚಿದ್ದರಿಂದ 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಅರ್ಜಿ ಸ್ವೀಕರಿಸುವ ಏರ್ಪಾಡಾಗಿದೆ.

ವಿಳಾಸದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಂಗಳೂರಿನಲ್ಲಿ 2010ರಲ್ಲಿ ಪ್ರತ್ಯೇಕ ಪೊಲೀಸ್ ಆಯುಕ್ತರ ಕಚೇರಿ ಆರಂಭವಾದ ಮೇಲೆ ನಗರದ ಜೊತೆಗೆ ಸುರತ್ಕಲ್, ಮೂಲ್ಕಿ, ಮೂಡಬಿದಿರೆ, ಉಳ್ಳಾಲದ ಕಡೆಯ ಠಾಣೆಗಳೂ ಅದಕ್ಕೆ ಸೇರಿದವು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯಗಳು ಜಿಲ್ಲಾ ಪೊಲೀಸ್ ವರಿಷ್ಠರ ವ್ಯಾಪ್ತಿಯಲ್ಲಿ ಉಳಿದವು. ಪಾಸ್‌ಪೋರ್ಟಿನಲ್ಲಿ ಧಾರವಾಡದ ತವರುಮನೆಯ ವಿಳಾಸ, ವಾಸ ಕದ್ರಿಯಲ್ಲಿ, ಆಧಾರ್ ಚೀಟಿಯಲ್ಲಿ ಇನ್ನೊಂದು ಹಳೆಯ ಬಾಡಿಗೆ ಮನೆ ಎಂಬಂತಿದ್ದರೆ ವಿಚಾರಣೆಗೆ ಬಂದವರಿಗೆ ಮನೆಯೇ ಸಿಕ್ಕುವುದಿಲ್ಲ, ಕಾಗದ ಹಿಂದಿರುಗುತ್ತದೆ. ಅರ್ಜಿಗೆ ಮೊದಲೇ ವಿಳಾಸಗಳನ್ನು ಸರಿಪಡಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಪರದೇಶದಲ್ಲಿರುವ ಭಾರತೀಯರು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಈ ಪತ್ರವನ್ನು ಪಡೆಯಬಹುದು. ಅದಕ್ಕಾಗಿ ಊರಿಗೆ ಬರಬೇಕಾಗಿಲ್ಲ. ಇನ್ನು, ಪರದೇಶದ ಪೌರತ್ವ ಪಡೆದ ಕುಟುಂಬಗಳ ಮಕ್ಕಳು ಮಂಗಳೂರು, ಮಣಿಪಾಲಗಳಲ್ಲಿ ಓದಿ ಹೋಗುವುದುಂಟು. ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವುದಿಲ್ಲವಾದ್ದರಿಂದ ಪಾಸ್‌ಪೋರ್ಟ್ ಕಚೇರಿ ಅವರಿಗೆ ಪತ್ರ ಕೊಡುವುದಿಲ್ಲ. ಅವರು ತಾವಿದ್ದ ಸ್ಥಳದ ಪೊಲೀಸ್ ಮುಖ್ಯಾಧಿಕಾರಿಗಳ ಕಚೇರಿಯನ್ನು ಅಥವಾ ವಿದೇಶೀಯರ ನೋಂದಣಿ ಕಚೇರಿಯನ್ನು ಕೇಳಬೇಕು.

ಬಿಟ್ಟುಬಂದ ನಾಡಿನ ಪತ್ರ

ನಿಜವಾದ ಕಷ್ಟವಿರುವುದು ಇಲ್ಲಿ. ಆ ದೇಶದಲ್ಲಿ ವಾಸವಿರುವಾಗ ಗುರುತಿನ ಚೀಟಿಯೊಂದಿದ್ದರೆ ಕೆಲವೇ ದಿನಗಳಲ್ಲಿ ದೊರೆಯುವ ಪತ್ರ, ಅಲ್ಲಿಂದ ಹೊರಟುಬಂದ ಮೇಲೆ ದೂರದ ಮಾತಾಗುತ್ತದೆ. ಕೊಲ್ಲಿಯ ಅನೇಕ ರಾಷ್ಟ್ರಗಳು ಮಾಜಿ ನಿವಾಸಿಗಳ ಬೆರಳಚ್ಚನ್ನು ಕೇಳುತ್ತವೆ. ಇಲ್ಲಿಯ ಪೊಲೀಸರ ಮುಂದೆ ಹತ್ತು ಬೆರಳುಗಳ ಅಚ್ಚನ್ನು ಕೊಟ್ಟು, ಅದಕ್ಕೆ ಸರಕಾರದ ದೃಢೀಕರಣ ಮಾಡಿಸಿ, ದೆಹಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಪಡೆದು, ಬಳಿಕ ಆ ದೇಶದಲ್ಲಿರುವ ಬಂಧು ಅಥವಾ ಮಿತ್ರರ ಮೂಲಕ ಅರ್ಜಿ ಸಲ್ಲಿಸುವುದು ಸಾಮಾನ್ಯವಾದ ದಾರಿ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವ ಪದ್ಧತಿಗೆ ಜಗತ್ತಿನ ಮೊದಲ ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ವಿಂಗಡಣೆಯ ಕ್ರಮವನ್ನು ರೂಪಿಸಲು ದುಡಿದರು. ಅಂದು ಅಪರಾಧಿಗಳನ್ನು ಹಿಡಿಯಲೆಂದು ಬೆಳೆದ ವಿದ್ಯೆ ಇಂದು ನಿರಪರಾಧಿಗಳಿಗೂ ತಮ್ಮ ನಿರ್ದೋಷವನ್ನು ತೋರಿಸಲು ಬೇಕಾಗಿದೆ. ಅಮೆರಿಕದಲ್ಲಿ ಬಾಳಿ ಬಂದವರು ಎಫ್‌ಬಿಐ ಸಂಸ್ಥೆಗೆ ಬೆರಳಚ್ಚು ಕಳುಹಿಸಿ ಪತ್ರ ಪಡೆಯಬೇಕು. ಇಂಗ್ಲೆಂಡಿನಲ್ಲಿ ಇದಕ್ಕಾಗಿಯೇ ಆಕ್ರೊ ಎಂಬ ಕಚೇರಿ ಇದೆ. ಸಿಂಗಪುರದಲ್ಲಿ ಅಲ್ಲಿಯ ಪೊಲೀಸ್ ಪಡೆಯೇ ಕೊಡುತ್ತದೆ.

ಕಾಲದ ಅಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಆಹ್ವಾನ ಬಂದ ದಿನದಿಂದ 60 ದಿನಗಳೊಳಗೆ ಪೂರ್ಣ ಅರ್ಜಿಯನ್ನು ಸಲ್ಲಿಸಬೇಕು. ದೆಹಲಿ, ಕೊಲ್ಲಿ, ಮತ್ತೆ ಮಂಗಳೂರು ಎಂದು ಕಾಗದ ಸುತ್ತುವಷ್ಟರಲ್ಲಿ ಆ ಎರಡು ತಿಂಗಳುಗಳು ಕಳೆದೇಹೋಗುತ್ತವೆ. ಪತ್ರ ಬಾರದಿದ್ದರೆ ಕೈಚೆಲ್ಲಿ ಕೂರಬೇಕಾಗಿಲ್ಲ. ಅರ್ಜಿ ಹಾಕಿದ ರಸೀದಿ, ರಾಯಭಾರ ಕಚೇರಿಗೆ ಬರೆದ ಪತ್ರ, ಬಂದ ಉತ್ತರ ಇವೆಲ್ಲವನ್ನು ವಿವರಣೆಯೊಂದಿಗೆ ಜೋಡಿಸಿದರೆ ಕೆನಡಾದ ಅಧಿಕಾರಿಗಳು ಪ್ರಾಮಾಣಿಕ ಪ್ರಯತ್ನವನ್ನು ಪರಿಗಣಿಸುವ ಅವಕಾಶವಿದೆ. ಯಾವ ದೇಶದ ಪತ್ರ ದೊರೆಯುತ್ತದೆ, ಯಾವುದರದು ದೊರೆಯುವುದಿಲ್ಲ ಎಂಬ ಪಟ್ಟಿಯನ್ನು ಅಮೆರಿಕದ ವಿದೇಶಾಂಗ ಇಲಾಖೆಯೇ ಪ್ರಕಟಿಸುತ್ತದೆ. ದೊರೆಯದೆಂದು ಅದರಲ್ಲಿ ಹೇಳಿರುವ ದೇಶದಿಂದ ಪತ್ರ ತರಬೇಕೆಂದು ಒತ್ತಾಯಿಸುವುದಿಲ್ಲ.

ಕೊಲ್ಲಿಯಿಂದ ಮರಳಿದವರೆಲ್ಲರೂ ನಿಧಾನವಾಗಿ ಗಂಟುಮೂಟೆ ಕಟ್ಟಿ ಬಂದವರಲ್ಲ ಎಂಬುದನ್ನೂ ನೆನೆಯಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ಎರಗಿದಾಗ ಉಟ್ಟ ಬಟ್ಟೆಯಲ್ಲಿ ಹೊರಟವರೆಷ್ಟೋ ಮಂದಿ. ಜೋರ್ಡನ್ನಿನ ಅಮ್ಮಾನ್ ನಗರದಿಂದ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸ್ವದೇಶಕ್ಕೆ ಕರೆತಂದಿತು. 2013ರಲ್ಲಿ ಸೌದಿ ಅರೇಬಿಯದ ನಿತಾಕತ್ ಕ್ರಮದಿಂದ ಕೆಲಸ ಕಳೆದುಕೊಂಡು ಬಂದವರು ಕರಾವಳಿಯಲ್ಲಿ ಹಲವರಿದ್ದಾರೆ. 2020ರ ಮೇ 12ರಂದು, ಕೊರೊನಾ ಪಿಡುಗಿನ ನಡುವೆ, ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಬಂದಿಳಿದಾಗ ಅದರಲ್ಲಿದ್ದವರ ಚಿಂತೆ ಮನೆ ಸೇರುವುದಾಗಿತ್ತೇ ಹೊರತು ಪ್ರಮಾಣಪತ್ರದ್ದಲ್ಲ. ಹೀಗೆ ಆತುರದಲ್ಲಿ ಬಂದವರಿಗೆ ವರ್ಷಗಳ ಬಳಿಕ ‘ಅಲ್ಲಿಯ ಗುರುತಿನ ಚೀಟಿಯ ಸಂಖ್ಯೆ ಏನು? ವೀಸಾ ರದ್ದಾದ ದಿನ ಯಾವುದು?’ ಎಂಬ ಪ್ರಶ್ನೆ ಎದುರಾದಾಗ ಉತ್ತರವಿರುವುದಿಲ್ಲ. ಪತ್ರ ದೊರೆಯದಿರುವುದಕ್ಕೆ ಅಪರಾಧಕ್ಕಿಂತ ಹೆಚ್ಚಾಗಿ ಈ ಉತ್ತರವಿಲ್ಲದಿರುವಿಕೆಯೇ ಕಾರಣವಾಗುವುದು ವಿಷಾದದ ಸಂಗತಿ.

ಹೆಸರಿನ ತೊಡಕು

ನಮ್ಮ ಕಡೆಯ ಹೆಸರುಗಳ ರೀತಿ ಪರದೇಶದ ಗುಮಾಸ್ತರಿಗೆ ಒಗಟು. ಶಾಲೆಯ ದಾಖಲೆಯಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ. ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣ ವಿಸ್ತಾರ. ಕೊಲ್ಲಿಯ ಗುರುತಿನ ಚೀಟಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವೂ ಒಂದೇ ಸಾಲಿನಲ್ಲಿ. ಬಸವರಾಜನೆಂಬ ಒಬ್ಬನೇ ವ್ಯಕ್ತಿ ಇಂಗ್ಲಿಷ್ ಕಾಗುಣಿತದಲ್ಲಿ ಮೂರು ಬಗೆಯಾಗುತ್ತಾನೆ. ಮದುವೆಯಾದ ಹೆಣ್ಣುಮಗಳ ಹೆಸರಿನ ಬಾಲ ಬದಲಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಸಂದರ್ಶನ ವೀಸಾ ನೀಡುವುದಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಹೇಳಿದಾಗ ದಕ್ಷಿಣ ಭಾರತದ ಅನೇಕರು ಕಳವಳಗೊಂಡಿದ್ದರು. ಪೊಲೀಸ್ ಪತ್ರದಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರವೂ ಹೊಂದಬೇಕು. ಹಿಂದೆ ಬಳಸಿದ ಹೆಸರುಗಳಿದ್ದರೆ ಅವನ್ನೂ ಅರ್ಜಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯಬೇಕು.

ಊರಿನ ಹೆಸರಿನಲ್ಲಿಯೂ ಇದೇ ತೊಡಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಮ್ಯಾಂಗಲೋರ್ ಮಂಗಳೂರಾಯಿತು, ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಬಿಜಾಪುರವು ವಿಜಯಪುರವೆಂಬ ಬೇರೆಯೇ ಹೆಸರನ್ನು ಪಡೆಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಬಿಜಾಪುರವೆಂದೂ ಹೊಸ ದಾಖಲೆಯಲ್ಲಿ ವಿಜಯಪುರವೆಂದೂ ಇದ್ದರೆ ಅವೆರಡೂ ಒಂದೇ ಊರೆಂದು ನಮಗೆ ಗೊತ್ತು. ಸಿಡ್ನಿಯ ಅಧಿಕಾರಿಗೆ ಗೊತ್ತಿರಬೇಕೆಂದಿಲ್ಲ. ಒಂದು ಸಾಲಿನ ವಿವರಣೆಯನ್ನು ಅರ್ಜಿಯೊಂದಿಗೆ ಇರಿಸಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ತಿಳಿಯದೆ ಉಳಿದ ದೂರುಗಳು

ತಾನು ಯಾವ ತಪ್ಪನ್ನೂ ಮಾಡಿಲ್ಲವೆಂದು ನಂಬಿರುವವನ ಹೆಸರಿನಲ್ಲಿಯೂ ಪರದೇಶದಲ್ಲಿ ದೂರು ಇರುವುದುಂಟು. ದುಬೈಯಲ್ಲಿ ಸಾಲ ಪಡೆಯುವಾಗ ಬ್ಯಾಂಕಿಗೆ ಮುಂಗಡ ಚೆಕ್ಕು ಬರೆದುಕೊಡುವ ಪದ್ಧತಿ ಇತ್ತು. 2009ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದವರು ಸಾಲ ತೀರಿಸಲಾಗದೆ ಊರಿಗೆ ಬಂದಾಗ ಆ ಚೆಕ್ಕುಗಳು ಹಿಂದಿರುಗಿ ಪೊಲೀಸ್ ಪ್ರಕರಣಗಳಾದವು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗುವುದನ್ನು ಅಲ್ಲಿಯ ಸರಕಾರ 2022ರ ಜನವರಿಯಿಂದ ಬಹುಮಟ್ಟಿಗೆ ಅಪರಾಧದ ಪಟ್ಟಿಯಿಂದ ತೆಗೆದಿದ್ದರೂ ಹಳೆಯ ದೂರು ತಾನಾಗಿಯೇ ಅಳಿಸಿಹೋಗಿದೆಯೆಂದು ಭಾವಿಸಬಾರದು. ಮಾಲೀಕನ ಕಿರುಕುಳ ತಾಳದೆ ಕೆಲಸ ಬಿಟ್ಟವರ ಮೇಲೆ ‘ಓಡಿಹೋದವರು’ ಎಂಬ ದೂರು ದಾಖಲಾಗುವುದೂ ಕೊಲ್ಲಿಯಲ್ಲಿ ಸಾಮಾನ್ಯ. ಮನೆಗೆಲಸಕ್ಕೆ ಹೋದ ಹೆಣ್ಣುಮಕ್ಕಳು, ಕೂಲಿಕಾರರು ಇದರ ಬಲಿಪಶುಗಳು. ಅನ್ಯಾಯಕ್ಕೊಳಗಾದವನೇ ಕಾಗದದಲ್ಲಿ ತಪ್ಪಿತಸ್ಥನಾಗಿ ಉಳಿಯುವ ಈ ಪದ್ಧತಿ ನ್ಯಾಯವಾದುದಲ್ಲ. ಇಂಥ ಸಂದೇಹವಿರುವವರು ವಲಸೆಯ ಅರ್ಜಿಗೆ ಮೊದಲೇ ಆ ದೇಶದ ವಕೀಲರ ಅಥವಾ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ವಿಚಾರಿಸಿ, ಇದ್ದರೆ ಬಗೆಹರಿಸಿಕೊಳ್ಳುವುದು ಒಳಿತು.

ನಮ್ಮ ನಾಡಿನಲ್ಲಿಯೇ ಪ್ರಕರಣ ಬಾಕಿಯಿರುವವರ ಪಾಡೂ ಸುಲಭದ್ದಲ್ಲ. ಗಡಿಜಗಳ, ರಸ್ತೆ ಅಪಘಾತ, ಕಾಲೇಜಿನ ಮುಷ್ಕರ ಯಾವುದಾದರೂ ನ್ಯಾಯಾಲಯದಲ್ಲಿ ಉಳಿದಿದ್ದರೆ ಪೊಲೀಸ್ ವರದಿಯಲ್ಲಿ ಅದು ಬರುತ್ತದೆ. 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಬಾಕಿ ಪ್ರಕರಣವಿದ್ದರೆ ಪಾಸ್‌ಪೋರ್ಟನ್ನೇ ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ಪಡೆದವರಿಗೆ 1993ರ ಆಗಸ್ಟ್ 25ರ ಅಧಿಸೂಚನೆಯಿಂದ ದಾರಿ ದೊರೆತಿದೆ. ಪ್ರಕರಣ ಮುಗಿದು ಖುಲಾಸೆಯಾಗಿದ್ದರೂ ತೀರ್ಪಿನ ದೃಢೀಕೃತ ಪ್ರತಿಯನ್ನು ಕಾಪಾಡಿಕೊಳ್ಳಬೇಕು.

ಸತ್ಯವೇ ಸುಲಭದ ದಾರಿ

ಪತ್ರ ತರುವುದು ಕಷ್ಟವೆಂದು ಆ ದೇಶದಲ್ಲಿ ಬಾಳಿದ್ದನ್ನೇ ಅರ್ಜಿಯಲ್ಲಿ ಬರೆಯದೆ ಬಿಡುವ ಸಲಹೆಯನ್ನು ಕೆಲವು ದಲ್ಲಾಳಿಗಳು ಕೊಡುತ್ತಾರೆ. ‘ಎರಡು ವರ್ಷದ ಮಾತು, ಯಾರು ನೋಡುತ್ತಾರೆ?’ ಎನ್ನುತ್ತಾರೆ. ಹಳೆಯ ಪಾಸ್‌ಪೋರ್ಟಿನ ಮುದ್ರೆಗಳು, ಹಿಂದಿನ ವೀಸಾ ಅರ್ಜಿಗಳು, ಅನುಭವಪತ್ರದ ತಾರೀಖುಗಳು ಇವೆಲ್ಲವೂ ನೋಡುತ್ತವೆ. ಕೆನಡಾದಲ್ಲಿ ಸುಳ್ಳು ಹೇಳಿದ್ದು ಅಥವಾ ಮುಖ್ಯ ಸಂಗತಿಯನ್ನು ಮರೆಮಾಚಿದ್ದು ಸಿದ್ಧವಾದರೆ ಐದು ವರ್ಷ ಪ್ರವೇಶವಿಲ್ಲ. ಆಸ್ಟ್ರೇಲಿಯಾದಲ್ಲಿ ಸುಳ್ಳು ದಾಖಲೆಗೆ ಮೂರು ವರ್ಷಗಳ ತಡೆಯುಂಟು. ಅಮೆರಿಕದಲ್ಲಿ ಉದ್ದೇಶಪೂರ್ವಕವಾದ ಸುಳ್ಳಿಗೆ ಬೀಳುವ ತಡೆ ಬಾಳಿಡೀ ಉಳಿಯಬಹುದು. 500 ರೂಪಾಯಿಯ ಸರಕಾರಿ ಪತ್ರಕ್ಕೆ ಸಾವಿರಾರು ರೂಪಾಯಿ ಕೇಳಿ, ಕೊನೆಗೆ ನಕಲಿ ಮುದ್ರೆಯ ಕಾಗದವನ್ನು ಕೈಗಿಡುವವರೂ ಇದ್ದಾರೆ. ಅಂಥ ಕಾಗದದ ಹೊಣೆ ದಲ್ಲಾಳಿಯದಲ್ಲ, ಸಹಿ ಹಾಕಿದ ಅರ್ಜಿದಾರನದು. ಸತ್ಯವನ್ನು ಬರೆದು ಪತ್ರ ತಡವಾದರೆ ನಷ್ಟವಾಗುವುದು ಕೆಲವು ತಿಂಗಳು. ಸುಳ್ಳು ಬರೆದು ಸಿಕ್ಕಿಬಿದ್ದರೆ ಮಕ್ಕಳ ಭವಿಷ್ಯವೇ ಕೆಡುತ್ತದೆ.

ಮನೆಯಲ್ಲೊಂದು ವಾಸದ ಪುಸ್ತಕ

ಇಷ್ಟೆಲ್ಲ ವಿವರದ ಸಾರ ಒಂದೇ. ಪರದೇಶಕ್ಕೆ ಹೋದ ಮೊದಲ ದಿನದಿಂದಲೇ ಮನೆಯಲ್ಲೊಂದು ವಾಸದ ಪುಸ್ತಕವನ್ನು ಇಡಬೇಕು. ಯಾವ ದಿನ ಯಾವ ದೇಶ ಪ್ರವೇಶ, ಯಾವ ದಿನ ನಿರ್ಗಮನ, ಯಾವ ವಿಳಾಸದಲ್ಲಿ ಎಷ್ಟು ಕಾಲ, ಯಾರಲ್ಲಿ ಕೆಲಸ, ಗುರುತಿನ ಚೀಟಿಯ ಸಂಖ್ಯೆ ಏನು ಎಂಬುದನ್ನು ಪ್ರತಿಯೊಬ್ಬರ ಹೆಸರಿನಲ್ಲಿಯೂ ಬರೆಯಬೇಕು. 16 ತುಂಬಿದ ಮಕ್ಕಳಿಗೆ ಬೇರೆ ಪುಟ ಇರಲಿ. ಅವಧಿ ಮುಗಿದು ರದ್ದಾದ ಹಳೆಯ ಪಾಸ್‌ಪೋರ್ಟುಗಳನ್ನು ರದ್ದಿಯೆಂದು ಎಸೆಯಬಾರದು. ಅವು ಕುಟುಂಬದ ಚರಿತ್ರೆ. ನಿವಾಸ ಪರವಾನಿಗೆ ಮತ್ತು ಗುರುತಿನ ಚೀಟಿಯ ಎರಡು ಮೈಗಳ ಪ್ರತಿಯನ್ನು, ಅದನ್ನು ಹಿಂದಿರುಗಿಸುವ ಮುನ್ನ, ತೆಗೆದಿಟ್ಟುಕೊಳ್ಳಬೇಕು. ಆ ದೇಶವನ್ನು ಬಿಡುವ ತಿಂಗಳಿನಲ್ಲಿ ಸಾಧ್ಯವಾದರೆ ಅಲ್ಲಿಯ ಪೊಲೀಸ್ ಪತ್ರವನ್ನೂ ಪಡೆದುಕೊಂಡು ಬರಬೇಕು. ಕೆನಡಾದಂಥ ದೇಶಕ್ಕೆ ಮತ್ತೆ ಹೊಸ ಪತ್ರ ಬೇಕಾದೀತು. ಆಗಲೂ ಹಳೆಯ ಪತ್ರದಲ್ಲಿರುವ ದಾಖಲೆ ಸಂಖ್ಯೆಗಳು ಹೊಸ ಅರ್ಜಿಗೆ ಕೈದೀವಿಗೆಯಾಗುತ್ತವೆ. ಬ್ಯಾಂಕಿನ ಸಾಲ, ದೂರವಾಣಿಯ ಬಾಕಿ, ವಾಹನದ ದಂಡ ಇವನ್ನು ತೀರಿಸಿ ರಸೀದಿ ಪಡೆದೇ ವಿಮಾನ ಹತ್ತಬೇಕು.

ಅಮೆರಿಕದಲ್ಲಿರುವ ಒಡಹುಟ್ಟಿದವರು ಹಾಕಿದ ಅರ್ಜಿಗೆ ಸರದಿ ಬರಲು ಭಾರತೀಯರು ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಗಿದೆ. ಅಷ್ಟು ಕಾಲದಲ್ಲಿ ಮನೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಹಿರಿಯರ ನೆನಪು ಮಾಸುತ್ತದೆ. ಆಗ ನೆರವಿಗೆ ಬರುವುದು ಗೃಹಿಣಿಯೊಬ್ಬಳು ಅಲಮಾರಿನಲ್ಲಿ ಜೋಪಾನವಾಗಿಟ್ಟ ಆ ಪುಸ್ತಕವೇ. ಮನೆಯ ಖರ್ಚುವೆಚ್ಚದ ಲೆಕ್ಕವನ್ನು ದಿನವೂ ಬರೆದಿಡುವ ತಾಯಂದಿರಿಗೆ ಇದೊಂದು ಹೊರೆಯಲ್ಲ. ಪರದೇಶದಲ್ಲಿ ಮಕ್ಕಳಿರುವ ಪ್ರತಿಯೊಂದು ಮನೆಯವರೂ ಈ ತಿಂಗಳಿನಲ್ಲಿಯೇ ಅದನ್ನು ಆರಂಭಿಸಲಿ. ದೂರದಲ್ಲಿರುವ ಮಕ್ಕಳಿಗೆ ಮುಂದಿನ ಬಾರಿ ದೂರವಾಣಿಯಲ್ಲಿ ಮಾತನಾಡುವಾಗ ಊಟ, ಆರೋಗ್ಯಗಳ ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿಯನ್ನೂ ಕೇಳಿ ತರಿಸಿಕೊಳ್ಳಲಿ.